ಪ್ರಸಂಗಕ್ಕೂ ಅಡಿಟಿಪ್ಪಣಿಯೇ? ಹೌದು

ಭಾನುವಾರದ ಪ್ರಸಂಗ ಬರೆದುಕೊಳ್ಳುವಾಗ ಯಾವ ಮಾತು ಎಲ್ಲಿಂದ ಬಂತು ಎಂಬುದನ್ನು ಕಾಗದದ ಅಡಿಯಲ್ಲಿ ಗುರುತು ಹಾಕಿಕೊಳ್ಳಿ, ಪೀಠದಲ್ಲಿ ನಿಂತಾಗ ಅದನ್ನು ಅರ್ಧ ವಾಕ್ಯದಲ್ಲಾದರೂ ಹೇಳಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಇಷ್ಟು ಸಣ್ಣ ಸಲಹೆಗೆ ಇಷ್ಟೊಂದು ಸಿಟ್ಟು ಬರುತ್ತದೆಂದು ಎಣಿಸಿರಲಿಲ್ಲ. ಸಂಪಾದಕರು ಕಳಿಸಿಕೊಟ್ಟ ಪತ್ರಗಳಲ್ಲಿ ಸಭಾಪಾಲಕರು ಬರೆದವು ಇವೆ, ಸಭೆಯ ಹಿರಿಯರು ಬರೆದವು ಇವೆ, ದೇವಶಾಸ್ತ್ರ ಓದುತ್ತಿರುವ ತರುಣನೊಬ್ಬನ ಉದ್ದನೆಯ ಪತ್ರವೂ ಇದೆ. ಒಂದಿಬ್ಬರು ನನ್ನನ್ನು ಫರಿಸಾಯರ ಸಾಲಿಗೆ ಸೇರಿಸಿದ್ದಾರೆ. ಅದಕ್ಕೆ ಉತ್ತರವಿಲ್ಲ. ವಾದ ಮಾಡಿದವರಿಗೆ ಉತ್ತರ ಕೊಡದಿದ್ದರೆ ಮಾತ್ರ ಮರ್ಯಾದೆಗೇಡು.

ಹೆಚ್ಚು ಜನ ಹಿಡಿದಿರುವುದು ಪವಿತ್ರಾತ್ಮನ ಮಾತನ್ನು. ಆಡಬೇಕಾದದ್ದನ್ನು ಆತ್ಮನೇ ಕೊಡುತ್ತಾನೆ, ಮತ್ತಾಯ 10ನೆಯ ಅಧ್ಯಾಯದ 19, 20ನೆಯ ವಚನ ನೋಡಿ, ಆತ್ಮನಿಗೂ ಅಡಿಟಿಪ್ಪಣಿ ಬರೆಯುತ್ತೀರಾ ಎಂದು ಕೇಳಿದ್ದಾರೆ. ನೋಡಿದೆ. ಅದರ ಹಿಂದಿನ ವಚನವನ್ನೂ ನೋಡಿದೆ. ಯೇಸು ಅಲ್ಲಿ ಹೇಳುತ್ತಿರುವುದು ಹಿಡಿದೊಪ್ಪಿಸಲ್ಪಟ್ಟು ಅಧಿಪತಿಗಳ ಮುಂದೆ, ಅರಸುಗಳ ಮುಂದೆ ನಿಂತವರಿಗೆ. ಅಂಥ ಹೊತ್ತಿನಲ್ಲಿ ಕಾಗದ ಪೆನ್ನು ಹುಡುಕಬೇಕೆಂದು ನಾನೂ ಹೇಳಲಾರೆ. ಆದರೆ ಸೋಮವಾರದಿಂದ ಶನಿವಾರದವರೆಗೆ ಬಿಡುವು ಮಾಡಿಕೊಂಡು, ಮೊಬೈಲಿನಲ್ಲಿ ನಾಲ್ಕು ಇಂಗ್ಲಿಷ್ ಪ್ರಸಂಗ ಕೇಳಿ, ಅವುಗಳಲ್ಲೊಂದರ ಮೂರು ತಲೆಬರಹಗಳನ್ನು ಕನ್ನಡಕ್ಕೆ ಇಳಿಸಿಕೊಂಡವರು ಈ ವಚನದ ಆಸರೆ ಪಡೆಯುವುದು ಸರಿಯಲ್ಲ. ಆತ್ಮನು ಕೊಟ್ಟದ್ದಕ್ಕೆ ನಾನು ಆಕರ ಕೇಳುತ್ತಿಲ್ಲ. ಯೂಟ್ಯೂಬ್ ಕೊಟ್ಟದ್ದಕ್ಕೆ ಕೇಳುತ್ತಿದ್ದೇನೆ.

ಆತ್ಮಪ್ರೇರಣೆ ಇದ್ದವರು ಮೂಲ ಹೇಳುವುದಿಲ್ಲ ಎಂಬುದೂ ನಿಜವಲ್ಲ. ಲೂಕನ ಸುವಾರ್ತೆಯ ಮೊದಲ ನಾಲ್ಕು ವಚನಗಳನ್ನು ಓದಿ. ತನಗಿಂತ ಮುಂಚೆ ಅನೇಕರು ಈ ವೃತ್ತಾಂತ ಬರೆಯಲು ಕೈಹಾಕಿದ್ದಾರೆ, ವಿಷಯ ತಿಳಿದುಬಂದದ್ದು ಕಣ್ಣಾರೆ ಕಂಡವರಿಂದ, ತಾನು ಎಲ್ಲವನ್ನೂ ಬುಡದಿಂದ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಎಂದು ಥೆಯೊಫಿಲನಿಗೆ ಮೊದಲೇ ಹೇಳಿ ಮುಂದಕ್ಕೆ ಹೋಗುತ್ತಾನೆ. ಪೌಲನಂತೂ ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೆಯ ಅಧ್ಯಾಯದಲ್ಲಿ ವಿವಾಹದ ಬಗ್ಗೆ ಒಂದು ಅಪ್ಪಣೆ ಕೊಟ್ಟು, ಇದು ಕರ್ತನದ್ದು, ತನ್ನದಲ್ಲ ಎನ್ನುತ್ತಾನೆ. ಒಂದು ವಚನ ದಾಟುತ್ತಲೇ ಇನ್ನೊಂದು ಮಾತು ಹೇಳಿ, ಇದು ತನ್ನದು, ಕರ್ತನದ್ದಲ್ಲ ಎನ್ನುತ್ತಾನೆ. ಯಾವುದು ಯಾರದ್ದು ಎಂಬ ಗೆರೆಯನ್ನು ಇದಕ್ಕಿಂತ ಬಿಗಿಯಾಗಿ ಎಳೆಯುವುದು ಹೇಗೆ? ಅದೇ ಪೌಲ ಸೆರೆಯಲ್ಲಿದ್ದಾಗ ತಿಮೊಥೆಗೆ ಬರೆದು, ಬರುವಾಗ ಮೇಲಂಗಿಯನ್ನು ತಾ, ಪುಸ್ತಕಗಳನ್ನು ಮರೆಯಬೇಡ ಎಂದು ಹೇಳಿಕಳಿಸುತ್ತಾನೆ. ಆತ್ಮ ತುಂಬಿದವನಿಗೂ ಪುಸ್ತಕ ಬೇಕಾಗಿತ್ತು.

ದೇವಶಾಸ್ತ್ರದ ವಿದ್ಯಾರ್ಥಿಯ ಪತ್ರ ಇದಕ್ಕಿಂತ ಚುರುಕು. ಸತ್ಯವೇದವೇ ಆಕರ ಹೇಳುವುದರಲ್ಲಿ ಅಷ್ಟಕ್ಕಷ್ಟೆ, ನೀವೇಕೆ ಬೋಧಕರ ಕುತ್ತಿಗೆಗೆ ಇದನ್ನು ಕಟ್ಟುತ್ತೀರಿ ಎಂಬುದು ಆತನ ವಾದ. ಮೂರು ಉದಾಹರಣೆ ಕೊಟ್ಟಿದ್ದಾನೆ, ಮೂರೂ ಸರಿಯಾದವೇ. ಇಬ್ರಿಯರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿ 8ನೆಯ ಕೀರ್ತನೆಯನ್ನು ಎತ್ತಿಕೊಂಡು, ಒಂದು ಕಡೆ ಒಬ್ಬನು ಹೇಳಿದ್ದಾನೆ ಎಂಬಂತೆ ಬರೆದು ಮುಗಿಸಲಾಗಿದೆ. ಪೌಲ 1 ಕೊರಿಂಥ 15ರಲ್ಲಿ ಕೆಟ್ಟ ಸಹವಾಸದ ಬಗ್ಗೆ ಆಡುವ ಮಾತು ಗ್ರೀಕ್ ನಾಟಕಕಾರ ಮೆನಾಂಡರನದ್ದು, ಹೆಸರಿಲ್ಲ. ಮಾರ್ಕ ತನ್ನ ಮೊದಲ ಪುಟದಲ್ಲೇ ಯೆಶಾಯನ ಹೆಸರು ಹೇಳಿ ಶುರುಮಾಡುವ ಮಾತಿನ ಮೊದಲ ಭಾಗ ಮಲಾಕಿಯನದ್ದು.

ಒಂದೊಂದಾಗಿ ನೋಡೋಣ. ಇಬ್ರಿಯ ಪತ್ರ ಓದುತ್ತಿದ್ದವರಿಗೆ ಕೀರ್ತನೆಗಳು ಬಾಯಿಪಾಠ. ನಮ್ಮ ಸಭೆಯಲ್ಲಿ 23ನೆಯ ಕೀರ್ತನೆಯ ಮೊದಲ ಮಾತು ಹೇಳಿದರೆ ಯಾರೂ ಅಧ್ಯಾಯ ಕೇಳುವುದಿಲ್ಲ, ಇದೂ ಹಾಗೆಯೇ. ಮೆನಾಂಡರನ ಸಾಲು ಪೌಲನ ಕಾಲಕ್ಕೆ ಗಾದೆಯಾಗಿ ಹೋಗಿತ್ತು. ಗಾದೆಗೆ ಯಾರೂ ಅಡಿಟಿಪ್ಪಣಿ ಹಾಕಬೇಕಿಲ್ಲ, ನಾನು ಕೇಳಿಯೂ ಇಲ್ಲ. ಇನ್ನು ಮಾರ್ಕ. ಹೆಸರು ಹೇಳಿದ್ದರಿಂದಲೇ ಅಲ್ಲವೇ ಅದು ಪೂರ್ತಿ ಯೆಶಾಯನದ್ದಲ್ಲ ಎಂದು ಗೊತ್ತಾದದ್ದು? ಮುಂದೆ ಹಸ್ತಪ್ರತಿ ನಕಲು ಮಾಡಿದ ಕೆಲವರಿಗೆ ಇದು ಕಣ್ಣಿಗೆ ಚುಚ್ಚಿ, ಯೆಶಾಯನ ಹೆಸರು ತೆಗೆದು ಪ್ರವಾದಿಗಳು ಎಂದು ತಿದ್ದಿದ್ದೂ ಉಂಟು. ಆ ತಿದ್ದುಪಡಿ ಇರುವ ಪ್ರತಿಗಳನ್ನು ಇಂದಿಗೂ ಪಕ್ಕಪಕ್ಕ ಇಟ್ಟು ನೋಡಬಹುದು. ಹೆಸರೇ ಇಲ್ಲದಿದ್ದರೆ ತಪ್ಪನ್ನು ಹಿಡಿಯುವುದಕ್ಕೂ ಜಾಗವಿರುತ್ತಿರಲಿಲ್ಲ, ತಿದ್ದುವುದಕ್ಕೂ ಇರುತ್ತಿರಲಿಲ್ಲ. ಆಕರ ಹೇಳುವವನು ತಪ್ಪು ಮಾಡುವುದಿಲ್ಲ ಅಂತಲ್ಲ. ಅವನ ತಪ್ಪು ಬೇರೆಯವರ ಕೈಗೆ ಸಿಗುತ್ತದೆ.

ವಿದ್ಯಾರ್ಥಿ ಬಿಟ್ಟ ಜಾಗಗಳು ಇನ್ನೂ ಸ್ವಾರಸ್ಯವಾಗಿವೆ. ಸೂರ್ಯ ಗಿಬ್ಯೋನಿನ ಮೇಲೆ ನಿಂತ ಪ್ರಸಂಗ ಯೆಹೋಶುವನ ಗ್ರಂಥದ 10ನೆಯ ಅಧ್ಯಾಯದಲ್ಲಿದೆ. ಆ ಪುಸ್ತಕದಲ್ಲೆಲ್ಲ ನಂಬುವುದಕ್ಕೆ ಅತಿ ಕಷ್ಟವಾದ ಘಟನೆ ಅದು. ಬರೆದವನು ಸರಿಯಾಗಿ ಅಲ್ಲೇ ನಿಂತು, ಇದು ಯಾಷಾರ್ ಗ್ರಂಥದಲ್ಲಿ ಬರೆದಿದೆಯಲ್ಲವೇ ಎಂದು ಕೇಳುತ್ತಾನೆ. ಅರಸುಗಳ ಗ್ರಂಥದಲ್ಲಿ ಹೆಚ್ಚಿನ ರಾಜರ ಕಥೆ ಮುಗಿದಾಗ ಉಳಿದದ್ದಕ್ಕೆ ರಾಜವೃತ್ತಾಂತ ನೋಡಿ ಎಂಬ ಮಾತು ಬರುತ್ತದೆ. ಪೌಲ ಅಥೇನೆಯಲ್ಲಿ ಗ್ರೀಕರ ಮುಂದೆ ಮಾತಾಡುವಾಗ, ಇದನ್ನು ನಿಮ್ಮ ಕವಿಗಳೇ ಹೇಳಿದ್ದಾರೆ ಎಂದು ಬಾಯಿಬಿಟ್ಟು ಹೇಳುತ್ತಾನೆ. ಆ ಸಾಲು ಅರಾಟಸ್ ಎಂಬ ಕವಿಯದ್ದು. ಕೇಳುವವರ ಕವಿಯನ್ನು ಕೇಳುವವರಿಗೇ ನೆನಪಿಸುವುದರಲ್ಲಿ ಇರುವ ಬಲ, ಅದನ್ನು ಕದ್ದು ತನ್ನದೆಂದು ಆಡಿದ್ದರೆ ಇರುತ್ತಿರಲಿಲ್ಲ.

ಎಸ್ತೇರಳ ವಿಷಯ ನನಗೆ ಇವೆಲ್ಲಕ್ಕಿಂತ ಇಷ್ಟ. ಅರಸನನ್ನು ಕೊಲ್ಲಲು ಇಬ್ಬರು ದ್ವಾರಪಾಲಕರು ಹೂಡಿದ ಸಂಚು ಮೊರ್ದೆಕೈಗೆ ಗೊತ್ತಾಗುತ್ತದೆ. ಆತ ಎಸ್ತೇರಳಿಗೆ ಹೇಳುತ್ತಾನೆ. ಆಕೆ ಅರಸನ ಕಿವಿಗೆ ಹಾಕುವಾಗ ಸುದ್ದಿ ತಂದದ್ದು ಮೊರ್ದೆಕೈ ಎಂದು ಅವನ ಹೆಸರಿನಲ್ಲೇ ಹೇಳುತ್ತಾಳೆ. ಆಸ್ಥಾನದ ಲೇಖಕ ಅದನ್ನು ಬರೆದುಕೊಳ್ಳುತ್ತಾನೆ. ನಾಲ್ಕು ಅಧ್ಯಾಯ ಕಳೆದ ಮೇಲೆ ಅರಸನಿಗೆ ಒಂದು ರಾತ್ರಿ ನಿದ್ದೆ ಹತ್ತದೆ ಆ ದಾಖಲೆಯನ್ನು ಓದಿಸುತ್ತಾನೆ, ಮೊರ್ದೆಕೈಯ ಹೆಸರು ಕಿವಿಗೆ ಬೀಳುತ್ತದೆ, ಆತನ ಶತ್ರು ಹಾಮಾನನ ಲೆಕ್ಕಾಚಾರವೆಲ್ಲ ಅಲ್ಲಿಂದ ತಲೆಕೆಳಗಾಗುತ್ತದೆ. ಎಸ್ತೇರಳು ಆ ಸುದ್ದಿಯನ್ನು ತನ್ನದೇ ಎಂಬಂತೆ ಹೇಳಿ ಅರಸನ ಮೆಚ್ಚುಗೆ ಪಡೆಯುವುದು ಎಷ್ಟು ಸುಲಭವಿತ್ತು! ಯೆಹೂದಿ ರಬ್ಬಿಗಳು ಈ ಒಂದು ವಚನವನ್ನು ಹಿಡಿದು, ಒಂದು ಮಾತನ್ನು ಆಡಿದವನ ಹೆಸರಿನಲ್ಲೇ ಹೇಳುವವನು ಲೋಕಕ್ಕೆ ಬಿಡುಗಡೆ ತರುತ್ತಾನೆ ಎಂಬ ಪಾಠವನ್ನೇ ಕಟ್ಟಿದ್ದಾರೆ. ಪಿರ್ಕೇ ಅವೋತ್ ಎಂಬ ನೀತಿವಾಕ್ಯಗಳ ಸಂಗ್ರಹದ ಕೊನೆಯ ಅಧ್ಯಾಯದಲ್ಲಿ ಅದಿದೆ.

ಮುಂದಿನದು ಆಗಸ್ಟೀನನ ಹೆಸರಿನಲ್ಲಿ ಬಂದ ವಾದ. ದೇವರ ವಾಕ್ಯ ಯಾರ ಸ್ವತ್ತೂ ಅಲ್ಲ, ಬೇರೆಯವರು ಬರೆದ ಪ್ರಸಂಗವನ್ನು ಬಾಯಿಪಾಠ ಮಾಡಿ ಒಪ್ಪಿಸಬಹುದೆಂದು ಸಂತ ಆಗಸ್ಟೀನನೇ ಹೇಳಿದ್ದಾನೆ ಎಂದು ನಿವೃತ್ತ ಸಭಾಪಾಲಕರೊಬ್ಬರು ಬರೆದಿದ್ದಾರೆ. ಹಿರಿಯರು ಓದಿಕೊಂಡವರು, ಅವರು ಹೇಳುವ ಮಾತು ಕ್ರೈಸ್ತ ಬೋಧನೆಯ ಕುರಿತ ಆತನ ಗ್ರಂಥದ ನಾಲ್ಕನೆಯ ಭಾಗದ ಕೊನೆಯಲ್ಲಿ ಇದ್ದೇ ಇದೆ. ಚೆನ್ನಾಗಿ ಮಾತಾಡಬಲ್ಲವರು, ಆದರೆ ಸ್ವಂತವಾಗಿ ರಚಿಸಲಾರದವರು ಹಾಗೆ ಮಾಡಬಹುದೆಂದು ಆಗಸ್ಟೀನ್ ಒಪ್ಪುತ್ತಾನೆ. ಆದರೆ ಅದಕ್ಕೆ ಒಂದು ಷರತ್ತು ಹಾಕಿದ್ದಾನೆ: ಮೋಸ ಇರಬಾರದು. ಹಿರಿಯರ ಪತ್ರದಲ್ಲಿ ಆ ಷರತ್ತು ಬಿಟ್ಟುಹೋಗಿದೆ. ಅಧ್ಯಾಯದ ಗುರುತು ಹಾಕಿದ್ದರೆ ಅವರಿಗೂ ಅದು ಕಣ್ಣಿಗೆ ಬೀಳುತ್ತಿತ್ತು ಎಂದು ಹೇಳಿದರೆ ಚುಚ್ಚಿದಂತಾದೀತು. ಆದರೂ ಹೇಳುತ್ತೇನೆ.

ಎರವಲು ಪ್ರಸಂಗ ತಪ್ಪೆಂದು ನಾನು ಎಲ್ಲೂ ಬರೆದಿಲ್ಲ. ಇಂಗ್ಲೆಂಡಿನ ಸಭೆ 1547ರಲ್ಲಿ ಹನ್ನೆರಡು ಪ್ರಸಂಗಗಳ ಪುಸ್ತಕವನ್ನೇ ಅಚ್ಚು ಹಾಕಿ, ಬೋಧಿಸಲು ಬಾರದ ಪಾದ್ರಿಗಳು ಇದನ್ನು ಓದಿ ಹೇಳಲಿ ಎಂದು ಕಟ್ಟುಮಾಡಿತು. ಓದುತ್ತಿರುವುದು ಪುಸ್ತಕವನ್ನು ಎಂದು ಓದುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. 1711ರಲ್ಲಿ ಜೋಸೆಫ್ ಅಡಿಸನ್ ತನ್ನ ಸ್ಪೆಕ್ಟೇಟರ್ ಪತ್ರಿಕೆಯಲ್ಲಿ ಬರೆದ ಹಳ್ಳಿಯ ಜಮೀನ್ದಾರ ಸರ್ ರೋಜರ್ ಇದಕ್ಕಿಂತ ಮಜವಾದ ಏರ್ಪಾಡು ಮಾಡುತ್ತಾನೆ. ತನ್ನ ಮನೆಯ ಪಾದ್ರಿಗೆ ಅಚ್ಚಾದ ಒಳ್ಳೆಯ ಪ್ರಸಂಗಗಳನ್ನೆಲ್ಲ ತಂದುಕೊಟ್ಟು, ಪ್ರತಿ ಭಾನುವಾರ ಇವುಗಳಲ್ಲಿ ಒಂದನ್ನು ಹೇಳು ಎನ್ನುತ್ತಾನೆ. ನಾಳೆ ಬೋಧಿಸುವವರು ಯಾರು ಎಂದು ಕೇಳಿದರೆ ಪಾದ್ರಿಯ ಉತ್ತರ: ಬೆಳಿಗ್ಗೆ ಸೇಂಟ್ ಆಸಫ್‌ನ ಬಿಷಪ್ಪರು, ಮಧ್ಯಾಹ್ನ ಡಾಕ್ಟರ್ ಸೌತ್. ನಮ್ಮ ಸಭಾಪಾಲಕರು ಹೀಗೆ ಹೇಳುವುದಾದರೆ ನಾನು ಮೊದಲ ಸಾಲಿನಲ್ಲಿ ಕೂತು ಕೇಳುತ್ತೇನೆ. ಇಡೀ ಪ್ರಸಂಗ ಎರವಲಾಗಿರಲಿ, ಯಾರ ಮನೆಯದೆಂದು ಹೇಳಿಬಿಡಿ.

ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಸಭೆಯಲ್ಲಿ 2021ರಲ್ಲಿ ಕೆಟ್ಟದ್ದೂ ಇದೇ ಜಾಗದಲ್ಲಿ. ಆಗ ಸುಮಾರು 1.4 ಕೋಟಿ ಸದಸ್ಯರಿದ್ದ ಆ ಸಂಘಕ್ಕೆ ಎಡ್ ಲಿಟನ್ ಅಧ್ಯಕ್ಷರಾಗಿ ಆಯ್ಕೆಯಾದ ಕೆಲವೇ ದಿನಗಳಲ್ಲಿ ಎರಡು ವಿಡಿಯೊಗಳನ್ನು ಜೋಡಿಸಿ ಯಾರೋ ಹರಿಯಬಿಟ್ಟರು. ರೋಮಾಪುರದವರಿಗೆ ಬರೆದ ಪತ್ರದ ಮೇಲೆ ಲಿಟನ್ ಮಾಡಿದ ಪ್ರಸಂಗದ ಭಾಗಗಳು, ಅವರಿಗಿಂತ ಹಿಂದಿನ ಅಧ್ಯಕ್ಷ ಜೆ. ಡಿ. ಗ್ರಿಯರ್ ಮಾಡಿದ ಪ್ರಸಂಗದಂತೆಯೇ ಇದ್ದವು. ಗ್ರಿಯರ್ ಮುಂಚೆಯೇ ಅನುಮತಿ ಕೊಟ್ಟಿದ್ದರು. ಮೂಲ ಬರೆದವನಿಗೇ ತಕರಾರಿರಲಿಲ್ಲ. ಆದರೂ ಗಲಾಟೆ ನಿಲ್ಲಲಿಲ್ಲ, ಲಿಟನ್ ಹೆಸರು ಹೇಳದಿದ್ದಕ್ಕೆ ಕ್ಷಮೆ ಕೇಳಬೇಕಾಯಿತು, ಮರುವರ್ಷ ಎರಡನೆಯ ಅವಧಿಗೆ ಅವರು ನಿಲ್ಲಲಿಲ್ಲ. ಒಡೆಯನ ಒಪ್ಪಿಗೆ ಇದ್ದರೆ ಸಾಕು ಎನ್ನುವವರು ಇದನ್ನು ಗಮನಿಸಬೇಕು. ಸಭೆಯಲ್ಲಿ ಕೂತವರ ಒಪ್ಪಿಗೆ ಇರಲಿಲ್ಲ. ಅವರಿಗೆ ವಿಷಯವೇ ತಿಳಿದಿರಲಿಲ್ಲ.

ನಮ್ಮಲ್ಲಿ ಇದರ ಕೆಟ್ಟ ರೂಪ ತಲೆಬರಹ ಕದಿಯುವುದಲ್ಲ, ಅನುಭವ ಕದಿಯುವುದು. ತಂಗಿಗೆ ರಕ್ತ ಕೊಟ್ಟ ಹುಡುಗನ ಕಥೆ ನಿಮಗೆಲ್ಲ ಗೊತ್ತು. ಪಕ್ಕದ ಮಂಚದಲ್ಲಿ ಮಲಗಿ ರಕ್ತ ಕೊಡುತ್ತಿರುವ ಪುಟ್ಟ ಹುಡುಗ, ನಾನು ಸಾಯುವುದು ಯಾವಾಗ ಎಂದು ಡಾಕ್ಟರನ್ನು ಕೇಳುತ್ತಾನೆ. ರಕ್ತ ಕೊಟ್ಟರೆ ಸಾಯುತ್ತಾರೆಂದು ತಿಳಿದೂ ಒಪ್ಪಿಕೊಂಡಿದ್ದ. ಅಮೆರಿಕದ ಪ್ರೇರಣೆಯ ಪುಸ್ತಕಗಳಲ್ಲಿ ಎಷ್ಟೋ ವರ್ಷಗಳಿಂದ ಓಡಾಡುತ್ತಿರುವ ಕಥೆ. ಅದನ್ನು ಬೋಧಕರೊಬ್ಬರು ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ತಾವೇ ಪಕ್ಕದಲ್ಲಿ ನಿಂತು ನೋಡಿದ್ದೆಂದು ಕಣ್ಣೊರೆಸಿಕೊಂಡು ಹೇಳಿದರು. ಮಹಿಳೆಯರ ಸಾಲಿನಲ್ಲಿ ಕೂತಿದ್ದ ಒಬ್ಬ ನರ್ಸ್ ಆರಾಧನೆ ಮುಗಿದ ಮೇಲೆ ಚಹಾ ಕುಡಿಯುತ್ತ ಹೇಳಿದ್ದಿಷ್ಟೆ: ನಮ್ಮ ದೇಶದಲ್ಲಿ 18 ತುಂಬದವರ ರಕ್ತ ತೆಗೆದುಕೊಳ್ಳುವುದೇ ಇಲ್ಲ, ಮಂಚದಿಂದ ಮಂಚಕ್ಕೆ ಹಾಗೆ ಹರಿಸುವುದೂ ಇಲ್ಲ. ಆಕೆ ಜಗಳ ಮಾಡಲಿಲ್ಲ. ಆದರೆ ಆ ದಿನದ ಪ್ರಸಂಗದಲ್ಲಿ ಪುನರುತ್ಥಾನದ ಸಾಕ್ಷಿಗಳ ಬಗ್ಗೆಯೂ ಮಾತಿತ್ತು, ಕಣ್ಣಾರೆ ಕಂಡವರ ಮಾತನ್ನು ನಂಬಬೇಕು ಎಂದು ಬೋಧಕರು ಒತ್ತಿ ಹೇಳಿದ್ದರು. ಆಸ್ಪತ್ರೆಯಲ್ಲಿ ನೋಡದಿದ್ದದ್ದನ್ನು ನೋಡಿದೆ ಎಂದವರ ಬಾಯಿಂದ ಅದನ್ನು ಕೇಳಿದ ನರ್ಸಮ್ಮನಿಗೆ ಏನನ್ನಿಸಿತೋ, ನಾನು ಕೇಳಲಿಲ್ಲ. ಒಂದು ಪುಸ್ತಕದಲ್ಲಿ ಓದಿದ ಕಥೆ ಎಂದಿದ್ದರೆ ಯಾರ ಕಣ್ಣೀರೂ ಕಡಿಮೆಯಾಗುತ್ತಿರಲಿಲ್ಲ.

ಮಾರ್ಟಿನ್ ಲೂಥರ್ ಕಿಂಗ್ ಮಾಡಿದ್ದು ಏನು ಮತ್ತೆ ಎಂದು ಇಬ್ಬರು ಕೇಳಿದ್ದಾರೆ. ಇದು ಗಟ್ಟಿ ಪ್ರಶ್ನೆ, ಹಾರಿಸಿ ಉತ್ತರ ಕೊಡಲಾಗದು. ಕಿಂಗ್ ತಮ್ಮ ಪ್ರಸಂಗಗಳಲ್ಲಿ ಹ್ಯಾರಿ ಎಮರ್ಸನ್ ಫಾಸ್ಡಿಕ್ ಮೊದಲಾದವರಿಂದ ಧಾರಾಳವಾಗಿ ತೆಗೆದುಕೊಂಡರು. ಕೀತ್ ಮಿಲ್ಲರ್ ಎಂಬ ವಿದ್ವಾಂಸರು 1992ರಲ್ಲಿ ಇದರ ಮೇಲೆ ಪುಸ್ತಕವನ್ನೇ ಬರೆದು, ಕರಿಯರ ಜನಪದ ಬೋಧನಾ ಪರಂಪರೆಯಲ್ಲಿ ಮಾತು ಎಲ್ಲರ ಸೊತ್ತು, ಒಬ್ಬ ಬೋಧಕನ ದನಿಯಲ್ಲಿ ಇನ್ನೊಬ್ಬನ ದನಿ ಬೆರೆಯುವುದೇ ಅಲ್ಲಿನ ರೀತಿ ಎಂದು ವಾದಿಸಿದರು. ಒಪ್ಪುತ್ತೇನೆ. ಆದರೆ ಆ ರೀತಿ ನಡೆಯುವುದು ಹೇಳುವವನೂ ಕೇಳುವವರೂ ಒಂದೇ ಉಗ್ರಾಣದವರಾಗಿದ್ದಾಗ. ಹಳೆಯ ಮಾತು ಹೊಸ ಬಾಯಲ್ಲಿ ಬಂದಾಗ ಸಭೆ ಅದನ್ನು ಗುರುತು ಹಿಡಿದು ಆಮೆನ್ ಎನ್ನುತ್ತದೆ. ನಮ್ಮ ಊರಿನ ಸಭೆಗೆ ಟೆಕ್ಸಾಸಿನ ಪಾಸ್ಟರೊಬ್ಬರ ಮಾತು ಕನ್ನಡದಲ್ಲಿ ಬಂದರೆ ಗುರುತು ಹಿಡಿಯುವವರು ಯಾರು? ಅದೇ ಅಭ್ಯಾಸ ಪ್ರೌಢಪ್ರಬಂಧಕ್ಕೆ ದಾಟಿದಾಗ ಏನಾಯಿತು ಎಂಬುದೂ ದಾಖಲಾಗಿದೆ. ಕಿಂಗ್ 1955ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಪ್ರಬಂಧದ ಭಾಗಗಳು ಜ್ಯಾಕ್ ಬೂಜರ್ ಎಂಬವರ ಪ್ರಬಂಧದಿಂದ ಬಂದವು. ಇದನ್ನು ಪತ್ತೆ ಮಾಡಿದ್ದು ಶತ್ರುಗಳಲ್ಲ, ಕಿಂಗ್ ಅವರ ಬರಹಗಳನ್ನೇ ಸಂಪಾದಿಸುತ್ತಿದ್ದ ಕ್ಲೇಬೋರ್ನ್ ಕಾರ್ಸನ್ ಅವರ ತಂಡ. ಆ ತಂಡ ಮಾಡುತ್ತಿದ್ದ ಕೆಲಸ ಏನು ಗೊತ್ತೇ? ಅಡಿಟಿಪ್ಪಣಿ ಹಾಕುವುದು. 1990ರಲ್ಲಿ ಸುದ್ದಿ ಹೊರಬಿತ್ತು. ಮರುವರ್ಷ ವಿಶ್ವವಿದ್ಯಾಲಯದ ಸಮಿತಿ ಪದವಿಯನ್ನು ಹಿಂದಕ್ಕೆ ಪಡೆಯದೆ, ಪ್ರಬಂಧದ ಪ್ರತಿಗೆ ಒಂದು ಪತ್ರ ಲಗತ್ತಿಸಬೇಕೆಂದು ಹೇಳಿತು.

ನನಗೆ ಇದರಲ್ಲಿ ಕಿಂಗ್ ದೊಡ್ಡವರೋ ಸಣ್ಣವರೋ ಎಂಬುದು ವಿಷಯವಲ್ಲ. ಹೆಸರು ಬಿದ್ದುಹೋದಾಗ ಕೇಳುವವರಿಗೆ ಆಗುವ ನಷ್ಟ ವಿಷಯ. ನೀತಿಯ ಕಮಾನು ಉದ್ದವಾಗಿದೆ, ಆದರೆ ಅದು ನ್ಯಾಯದ ಕಡೆಗೆ ಬಾಗುತ್ತದೆ ಎಂಬ ಅರ್ಥದ ಮಾತು ಕಿಂಗ್ ಅವರದ್ದೆಂದು ಲೋಕವೆಲ್ಲ ನಂಬಿದೆ. ಒಬಾಮಾ 2010ರಲ್ಲಿ ತಮ್ಮ ಕಚೇರಿಯ ಜಮಖಾನದ ಅಂಚಿಗೆ ಅದನ್ನು ಕಿಂಗ್ ಹೆಸರಿನಲ್ಲೇ ನೇಯಿಸಿದರು. ಅದರ ಮೂಲ ಕಲ್ಪನೆ ಥಿಯೊಡೋರ್ ಪಾರ್ಕರ್ ಎಂಬ ಬಾಸ್ಟನ್ನಿನ ಬೋಧಕರದ್ದು, 1853ರಲ್ಲಿ ಅಚ್ಚಾದ ಅವರ ಪ್ರಸಂಗಗಳಲ್ಲಿದೆ. ಪಾರ್ಕರ್ ಬರೀ ಮಾತಿನ ಬೋಧಕರಲ್ಲ. ಓಡಿಬಂದ ಗುಲಾಮರನ್ನು ಹಿಡಿದು ಒಡೆಯರಿಗೆ ಒಪ್ಪಿಸಬೇಕೆಂಬ ಕಾನೂನು 1850ರಲ್ಲಿ ಬಂದಾಗ, ಎಲೆನ್ ಕ್ರಾಫ್ಟ್ ಎಂಬ ಓಡಿಬಂದ ಹೆಂಗಸನ್ನು ತಮ್ಮ ಮನೆಯಲ್ಲೇ ಬಚ್ಚಿಟ್ಟವರು. ಗುಲಾಮಗಿರಿ ಕೊನೆಯಾಗುವುದನ್ನು ನೋಡದೆ 1860ರಲ್ಲಿ ತೀರಿಕೊಂಡರು. ನ್ಯಾಯ ತಡವಾಗಿ ಬರುತ್ತದೆ ಎಂಬ ಮಾತನ್ನು ಅದು ಬರುವುದನ್ನು ಕಾಣದೆ ಹೋದವರೇ ಆಡಿದ್ದರು ಎಂದು ತಿಳಿದು ಕೇಳುವುದಕ್ಕೂ, ಹಾಗೇ ಕೇಳುವುದಕ್ಕೂ ಎಷ್ಟು ಅಂತರ! ಆಕರ ಹೇಳಿದರೆ ಪ್ರಸಂಗ ಒಣಗುತ್ತದೆ ಎನ್ನುವವರು ಇದಕ್ಕೆ ಏನು ಹೇಳುತ್ತಾರೆ?

ಒಣಗುವ ಮಾತು ಬಂದಿತಲ್ಲ. ನಮ್ಮ ಹಳ್ಳಿಯ ವಿಶ್ವಾಸಿಗಳಿಗೆ ಇದೆಲ್ಲ ಬೇಡ, ಅವರಿಗೆ ಬೇಕಾದದ್ದು ಸಾಂತ್ವನ, ಪುಟಸಂಖ್ಯೆಯಲ್ಲ ಎಂದು ಒಬ್ಬರು ಬರೆದಿದ್ದಾರೆ. ಪುಟಸಂಖ್ಯೆಯನ್ನು ಪೀಠದಲ್ಲಿ ಓದಬೇಕೆಂದು ನಾನು ಹೇಳಿಲ್ಲ. ಪುಟ ಕಾಗದದಲ್ಲಿರಲಿ, ಬಾಯಲ್ಲಿ ಅರ್ಧ ವಾಕ್ಯ ಸಾಕು. ಈ ಮಾತನ್ನು ಸ್ಪರ್ಜನ್ನರ ಒಂದು ಪ್ರಸಂಗದಲ್ಲಿ ಓದಿದೆ, ಈ ಕಥೆ ವಾಟ್ಸಾಪಿನಲ್ಲಿ ಬಂತು, ಇದನ್ನು ನಮ್ಮ ತಾಯಿ ಹೇಳುತ್ತಿದ್ದರು. ಇದರಿಂದ ಯಾರಿಗೂ ತೂಕಡಿಕೆ ಬರುವುದಿಲ್ಲ. ಹಳ್ಳಿಯವರಿಗೆ ಬೇಡ ಎಂಬ ಮಾತಂತೂ ನನ್ನ ಮಟ್ಟಿಗೆ ಹಳ್ಳಿಯವರಿಗೆ ಮಾಡಿದ ಅವಮಾನ. ಬೆರೋಯದವರು ಪೌಲನ ಮಾತನ್ನು ಕೇಳಿ, ಇದು ಹೌದೋ ಅಲ್ಲವೋ ಎಂದು ದಿನಾಲೂ ಶಾಸ್ತ್ರ ತೆಗೆದು ನೋಡುತ್ತಿದ್ದರು. ಅದಕ್ಕೆ ಅವರಿಗೆ ಸಿಕ್ಕಿದ್ದು ಹೊಗಳಿಕೆ. ತೆಗೆದು ನೋಡುವುದಕ್ಕೆ ಎಲ್ಲಿ ನೋಡಬೇಕೆಂದು ಹೇಳಿದವನು ಬೇಕಲ್ಲ?

ಹೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸೂಜಿಯ ಕಣ್ಣಿನ ಬಾಗಿಲೇ ಸಾಕು. ಐಶ್ವರ್ಯವಂತನ ಬಗ್ಗೆ ಯೇಸು ಆಡಿದ ಮಾತಿನ ಮೇಲೆ ಪ್ರಸಂಗ ಬಂದಾಗಲೆಲ್ಲ ನಮ್ಮಲ್ಲಿ ಇದು ಹಾಜರ್. ಯೆರೂಸಲೇಮಿನ ಗೋಡೆಯಲ್ಲಿ ಸೂಜಿಕಣ್ಣು ಎಂಬ ಸಣ್ಣ ಬಾಗಿಲಿತ್ತು, ಒಂಟೆ ಹೊರೆ ಇಳಿಸಿ ಮೊಣಕಾಲೂರಿದರೆ ಮಾತ್ರ ಒಳಗೆ ಹೋಗಬಹುದಿತ್ತು, ಹಾಗೆಯೇ ಶ್ರೀಮಂತರೂ ಹೊರೆ ಇಳಿಸಿ ಮೊಣಕಾಲೂರಬೇಕು. ಚಿತ್ರ ಸೊಗಸಾಗಿದೆ. ಅಂಥ ಬಾಗಿಲಿತ್ತು ಎಂದು ಯೇಸುವಿನ ಕಾಲದ ಯಾವ ಬರಹವೂ ಹೇಳುವುದಿಲ್ಲ, ಉತ್ಖನನದಲ್ಲೂ ಸಿಕ್ಕಿಲ್ಲ. ಕಥೆ ಕಾಣಿಸಿಕೊಳ್ಳುವುದು ಮಧ್ಯಯುಗದಲ್ಲಿ, ನೂರಾರು ವರ್ಷ ಕಳೆದ ಮೇಲೆ. ಆಗದ ಕೆಲಸಕ್ಕೆ ಹೀಗೆ ಹೇಳುವುದು ಆ ನಾಡಿನ ಮಾತಿನ ರೀತಿ. ಬಾಬಿಲೋನಿನ ತಾಲ್ಮೂದಿನಲ್ಲಿ ಒಂಟೆಯ ಜಾಗದಲ್ಲಿ ಆನೆಯೇ ಇದೆ. ಆದರೂ ಏನು ನಷ್ಟ ಎನ್ನಬಹುದು. ನಷ್ಟ ಇದೆ. ಬಾಗಿಲಿನ ಕಥೆ ನಿಜವಾದರೆ ಶ್ರೀಮಂತನಿಗೆ ಸ್ವಲ್ಪ ಬಗ್ಗುವ ತೊಂದರೆ ಮಾತ್ರ. ಹಾಗಿದ್ದರೆ ಶಿಷ್ಯರು ಬೆರಗಾಗಿ, ಮತ್ತೆ ರಕ್ಷಣೆ ಹೊಂದುವವರಾರು ಎಂದು ಕೇಳಿದ್ದೇಕೆ? ಇದು ಮನುಷ್ಯರಿಂದ ಆಗದ್ದು, ದೇವರಿಂದ ಮಾತ್ರ ಆಗುವುದು ಎಂದು ಯೇಸು ಉತ್ತರ ಕೊಟ್ಟದ್ದೇಕೆ? ಆಕರವಿಲ್ಲದ ಒಂದು ಸೊಗಸಾದ ವಿವರ ಆ ಭಾಗದ ಹೊಟ್ಟೆಯನ್ನೇ ಬಗೆದಿದೆ. ಮೊದಲು ಹೇಳಿದ ಬೋಧಕನು ಅಡಿಯಲ್ಲಿ ಆಕರ ಬರೆಯಲು ಪೆನ್ನು ಹಿಡಿದಿದ್ದರೆ ಬರೆಯುವುದಕ್ಕೆ ಏನೂ ಸಿಗದೆ ಅಲ್ಲೇ ನಿಲ್ಲುತ್ತಿದ್ದನು. ಅಡಿಟಿಪ್ಪಣಿಯ ಮೊದಲ ಉಪಯೋಗ ಅದು ತುಂಬಿದ್ದಾಗ ಅಲ್ಲ, ಖಾಲಿ ಉಳಿದಾಗ.

ಹದ್ದಿನ ಕಥೆಯನ್ನೂ ಉದ್ದಕ್ಕೆ ವಿವರಿಸಿ ನಿಮ್ಮನ್ನು ಕಾಡುವುದಿಲ್ಲ. ನಲವತ್ತನೆಯ ವಯಸ್ಸಿಗೆ ಬೆಟ್ಟ ಹತ್ತಿ, ಕೊಕ್ಕನ್ನು ಬಂಡೆಗೆ ಬಡಿದು ಮುರಿದುಕೊಂಡು, ಹೊಸ ಕೊಕ್ಕು ಬರುವವರೆಗೆ ಕಾದು, ಇನ್ನೂ ಮೂವತ್ತು ವರ್ಷ ಬದುಕುವ ಹದ್ದು ಯೆಶಾಯ 40ರ ಪ್ರಸಂಗದಲ್ಲಿ ಹಾರುತ್ತಲೇ ಇದೆ. ಕೊಕ್ಕು ನಮ್ಮ ಉಗುರಿನಂತೆ ಸವೆದಂತೆಲ್ಲ ಬೆಳೆಯುವಂಥದ್ದು. ಕೊಕ್ಕು ಮುರಿದ ಹದ್ದು ಹಸಿವಿನಿಂದ ಸಾಯುತ್ತದೆ. ಗಾಂಧೀಜಿಗೆ ಕ್ರಿಸ್ತ ಇಷ್ಟ, ಕ್ರೈಸ್ತರು ಇಷ್ಟವಿಲ್ಲ ಎಂಬ ಮಾತಿನದ್ದೂ ಇದೇ ಪಾಡು. ಅವರ ಸಮಗ್ರ ಬರಹಗಳು ಇಂಗ್ಲಿಷಿನಲ್ಲಿ 100 ಸಂಪುಟಗಳಲ್ಲಿವೆ. ಆ ಮಾತನ್ನು ಪೀಠದಲ್ಲಿ ಆಡಿದವರಲ್ಲಿ ಸಂಪುಟ, ಪುಟ ಹೇಳಿದ ಒಬ್ಬರನ್ನೂ ನಾನು ಕಂಡಿಲ್ಲ.

ಆಕರ ಹೇಳುವುದು ಪಾಂಡಿತ್ಯದ ಜಂಬ ಎಂಬ ಆಕ್ಷೇಪಣೆಯಲ್ಲಿ ಅರ್ಧ ಸತ್ಯವಿದೆ. ಜರ್ಮನ್ ಪಂಡಿತರ ಹೆಸರುಗಳನ್ನು ಮದುವೆ ಉಡುಗೊರೆ ಕೂಗಿದಂತೆ ಕೂಗುವ ಬೋಧಕರನ್ನು ನಾನೂ ಸಹಿಸಿದ್ದೇನೆ. ಅದಕ್ಕೆ ಮದ್ದು ಹೆಸರನ್ನು ನುಂಗುವುದಲ್ಲ, ಹೆಸರಿನ ಗದ್ದಲ ಕಡಿಮೆ ಮಾಡುವುದು. ಮತ್ತೊಬ್ಬರ ಮಾತನ್ನು ತನ್ನದೆಂದು ಹೇಳಿ ಸಭೆಯಿಂದ ಶಹಬ್ಬಾಸ್ ಪಡೆಯುವುದು ವಿನಯ ಹೇಗಾಗುತ್ತದೋ, ಅದನ್ನು ಆಕ್ಷೇಪಿಸಿದವರೇ ವಿವರಿಸಬೇಕು.

ಅಡಿಟಿಪ್ಪಣಿ ಬಿಳಿಯರ ವಿಶ್ವವಿದ್ಯಾಲಯದ ಚಟ, ನಮ್ಮದು ಬಾಯ್ಮಾತಿನ ಪರಂಪರೆ ಎಂಬ ಮಾತಿಗೆ ನಮ್ಮ ನುಡಿಯ ಇತಿಹಾಸವೇ ಉತ್ತರ. ಕವಿರಾಜಮಾರ್ಗ ತನಗಿಂತ ಹಿಂದಿನ ಗದ್ಯಕಾರರನ್ನೂ ಪದ್ಯಕಾರರನ್ನೂ ಹೆಸರು ಹಿಡಿದು ಹೇಳುತ್ತದೆ. ಅವರಲ್ಲಿ ಹಲವರ ಕೃತಿ ನಮಗೆ ಸಿಕ್ಕಿಲ್ಲ. ಅಂಥವರು ಇದ್ದರೆಂದು ತಿಳಿದದ್ದೇ ಆ ಉಲ್ಲೇಖದಿಂದ. ಕೇಶಿರಾಜ ಶಬ್ದಮಣಿದರ್ಪಣದ ಆರಂಭದಲ್ಲೇ ಗಜಗ, ಗುಣನಂದಿ, ಅಸಗ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ ಮೊದಲಾದವರ ಹೆಸರು ಹೇಳಿ, ತಾನು ಲಕ್ಷ್ಯವಾಗಿ ಹಿಡಿದದ್ದು ಇವರ ಪ್ರಯೋಗಗಳನ್ನು ಎನ್ನುತ್ತಾನೆ. ಇದು 13ನೆಯ ಶತಮಾನದ ಮಾತು. ಆ ಗ್ರಂಥವನ್ನು 1872ರಲ್ಲಿ ಮಂಗಳೂರಿನಲ್ಲಿ ಅಚ್ಚಿಗೆ ತಂದದ್ದು ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್, ಅಂದರೆ ನಮ್ಮ ಸಭೆಗಳ ಬೇರಿಗೆ ನೀರು ಹೊಯ್ದವರಲ್ಲಿ ಒಬ್ಬರು. ಅವರ 1894ರ ನಿಘಂಟನ್ನು ತೆರೆದು ಯಾವುದಾದರೂ ಒಂದು ಪದ ನೋಡಿ. ಅರ್ಥದ ಪಕ್ಕದಲ್ಲೇ ಪುಟ್ಟ ಸಂಕ್ಷೇಪಗಳ ಸಾಲು: ಇದು ಶಬ್ದಮಣಿದರ್ಪಣದಿಂದ, ಇದು ಬಸವಪುರಾಣದಿಂದ, ಇದು ಮೈಸೂರಿನವರ ಮಾತು, ಇದು ದಕ್ಷಿಣ ಮರಾಠಾ ಸೀಮೆಯಲ್ಲಿ ಕೇಳಿದ್ದು. ಬೀದಿಯಲ್ಲಿ ಕೇಳಿದ ಮಾತಿಗೂ ಊರಿನ ಗುರುತು ಹಾಕಿದ ಬೋಧಕರವರು. ನಮ್ಮಲ್ಲಿ ಕೆಲವರು ಅವರ ಹೆಸರಿನಲ್ಲಿ ಭಾಷಣ ಸ್ಪರ್ಧೆ ಮಾಡುತ್ತಾರೆ. ಅವರ ಈ ಅಭ್ಯಾಸವನ್ನು ಮಾತ್ರ ಪರದೇಶದ್ದು ಎನ್ನುತ್ತಾರೆ.

ಕೊನೆಯ ಆಕ್ಷೇಪಣೆಗೆ ನನ್ನ ಪೂರ್ತಿ ಸಹಾನುಭೂತಿ ಇದೆ. ಪಾಸ್ಟರೊಬ್ಬರು ಬರೆದಿದ್ದಾರೆ: ನನ್ನ ಕೈಕೆಳಗೆ ಹಲವು ಹಳ್ಳಿಗಳ ಸಭೆಗಳಿವೆ, ವಾರದಲ್ಲಿ ಸಾವು, ಮದುವೆ, ಆಸ್ಪತ್ರೆ, ಜಮೀನಿನ ಜಗಳ, ಡಯಾಸಿಸ್ ಕಚೇರಿಯ ಮೀಟಿಂಗು ಎಲ್ಲ ಮುಗಿಸಿ ಶನಿವಾರ ರಾತ್ರಿ ಹತ್ತು ಗಂಟೆಗೆ ಕೂರುತ್ತೇನೆ, ನಿಮ್ಮ ಅಡಿಟಿಪ್ಪಣಿಗೆ ಸಮಯ ಎಲ್ಲಿಂದ ತರಲಿ? ಅವರು ಇನ್ನೂ ಒಂದು ಮಾತು ಪ್ರಾಮಾಣಿಕವಾಗಿ ಬರೆದಿದ್ದಾರೆ: ಈಗೀಗ ಚಾಟ್‌ಜಿಪಿಟಿಯನ್ನು ಕೇಳಿದರೆ ಹತ್ತು ನಿಮಿಷದಲ್ಲಿ ಪ್ರಸಂಗ ಸಿದ್ಧವಾಗುತ್ತದೆ.

ಸಮಯವಿಲ್ಲದವರು ಇಡೀ ಪ್ರಸಂಗವನ್ನು ಎರವಲು ತರಲಿ, ಸರ್ ರೋಜರನ ಪಾದ್ರಿಯಂತೆ ಹೆಸರು ಹೇಳಿ ಓದಲಿ. ಆ ವಾರ ನಾಲ್ಕು ಸಾವು ಕಂಡ ಪಾಸ್ಟರು ಇಂದು ಬೇರೆಯವರ ಪ್ರಸಂಗ ಓದುತ್ತೇನೆ ಎಂದರೆ ಬೇಸರಪಡುವ ಸಭೆ ಇದ್ದೀತೆಂದು ನನಗನ್ನಿಸುವುದಿಲ್ಲ. ಯಂತ್ರದ ವಿಷಯದಲ್ಲಿ ಮಾತ್ರ ಹುಷಾರು. ಅದು ಆಕರ ಕೊಡುತ್ತದೆ. ಲೇಖಕನ ಹೆಸರು, ಪುಸ್ತಕ, ಪುಟ ಸಮೇತ ಕೊಡುತ್ತದೆ. ಎಷ್ಟೋ ಸಲ ಆ ಪುಸ್ತಕವೇ ಇರುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಅದು ಹುಟ್ಟಿಸಿಕೊಟ್ಟ ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿ 5,000 ಡಾಲರ್ ದಂಡ ಕಟ್ಟಿದರು. ಅಲ್ಲಿ ಎದುರು ಪಕ್ಷದ ವಕೀಲರಿದ್ದರು, ತೀರ್ಪುಗಳನ್ನು ಹುಡುಕಿ ನೋಡಿದರು, ಇವರು ಸಿಕ್ಕಿಬಿದ್ದರು. ಪೀಠದ ಮುಂದೆ ಎದುರು ಪಕ್ಷದ ವಕೀಲರಿಲ್ಲ. ಆದ್ದರಿಂದ ಯಂತ್ರ ಬರೆದುಕೊಟ್ಟದ್ದನ್ನು ಅಡಿಟಿಪ್ಪಣಿ ಎಂದು ಎಣಿಸಬೇಡಿ. ತಾವು ಕೈಯಾರೆ ತೆರೆದು ನೋಡಿದ ಪುಟ ಮಾತ್ರ ಲೆಕ್ಕಕ್ಕೆ.

ಸಮಯದ ಲೆಕ್ಕವನ್ನೇ ನೋಡುವುದಾದರೂ, ಓದುವಾಗಲೇ ಕಾಗದದ ಅಂಚಿನಲ್ಲಿ ಮೂರು ಮಾತು ಗೀಚಿಕೊಳ್ಳಲು ಅರೆನಿಮಿಷ ಸಾಕು: ಯಾರು, ಯಾವ ಪುಸ್ತಕ ಅಥವಾ ವಿಡಿಯೊ, ಎಷ್ಟನೆಯ ಪುಟ ಅಥವಾ ನಿಮಿಷ. ಕೇಳಿದ್ದಾದರೆ ಹೇಳಿದವರ ಹೆಸರು. ಏನೂ ಗೊತ್ತಿಲ್ಲದಿದ್ದರೆ ಒಂದು ಪ್ರಶ್ನೆ ಚಿಹ್ನೆ ಹಾಕಿ. ಶನಿವಾರ ರಾತ್ರಿ ಆ ಚಿಹ್ನೆ ಇನ್ನೂ ಅಲ್ಲೇ ಇದ್ದರೆ ಮಾತನ್ನು ಬಿಟ್ಟುಬಿಡಿ, ಇಲ್ಲವೇ ಎಲ್ಲೋ ಕೇಳಿದ್ದು, ನಿಜವೋ ಏನೋ ತಿಳಿಯದು ಎಂದೇ ಹೇಳಿ. ಆ ಕಾಗದಗಳನ್ನು ಹರಿದು ಹಾಕದೆ ಒಂದು ಫೈಲಿನಲ್ಲಿ ಇಡಿ. ವರ್ಗವಾಗಿ ಹೋದ ಮೇಲೆ ನಿಮ್ಮ ಜಾಗಕ್ಕೆ ಬರುವ ಪಾಸ್ಟರಿಗೂ ಒಂದಲ್ಲ ಒಂದು ವಾರ ನಾಲ್ಕು ಸಾವು ಬಂದೇ ಬರುತ್ತವೆ. ಆಗ ಅವರು ನಿಮ್ಮ ಹೆಸರು ಹೇಳಿ ಓದಲಿ.